ಸತ್ತವರಿಗಾಗಿ ಎಷ್ಟು ದಿನ ಅಳಬೇಕು? ಶೋಕಾಚರಣೆ ಬೆಳೆದು ಬಂದ ದಾರಿ

2022ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಕೈಪಿಡಿಗೆ 'ದೀರ್ಘಕಾಲದ ಶೋಕದ ಕಾಯಿಲೆ' ಎಂಬ ಹೊಸ ಹೆಸರು ಸೇರಿಸಿತು. ಹತ್ತಿರದವರು ತೀರಿಕೊಂಡು ವರ್ಷ ಕಳೆದ ಮೇಲೂ ದುಃಖ ಒಂಚೂರೂ ತಗ್ಗದೆ, ದಿನನಿತ್ಯದ ಬದುಕೇ ಹಳಿ ತಪ್ಪಿದ್ದರೆ ಅದನ್ನು ಕಾಯಿಲೆ ಎಂದು ಗುರುತಿಸಿ ಚಿಕಿತ್ಸೆ ಕೊಡಬಹುದು ಎನ್ನುವುದು ಅದರ ಸಾರ. ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಎಂದು ಅಲ್ಲಿ ಬರೆದಿದೆ. ಅದೇ ವರ್ಷ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇನ್ನೂ ಬಿಗಿ. ಅದರ ಪ್ರಕಾರ 6 ತಿಂಗಳು ದಾಟಿದರೆ ಸಾಕು.

ದುಃಖಕ್ಕೂ ಗಡುವಾ ಅಂತ ಬಹಳ ಜನ ಕೇಳಿದರು. ಆ ಪ್ರಶ್ನೆ ಬಂದ ಹೊತ್ತೂ ಅಂಥದ್ದೇ. ಕೋವಿಡ್ ಕಾಲದಲ್ಲಿ ಲೋಕದ ತುಂಬ ಜನ ತಮ್ಮವರ ಮುಖ ಕೂಡ ನೋಡಲಾಗದೆ ಕಳಿಸಿಕೊಟ್ಟಿದ್ದರು. ಅಂತ್ಯಕ್ರಿಯೆಯನ್ನು ಮೊಬೈಲ್ ಪರದೆಯಲ್ಲಿ ನೋಡಿದ್ದರು. ದೇವರು, ಶಾಸ್ತ್ರ ಅಂತ ನಂಬದವರಿಗೂ ಏನೋ ಒಂದು ಬಾಕಿ ಉಳಿದುಹೋಯಿತು ಅನ್ನಿಸಿತ್ತು. ಹಾಗಾದರೆ ಈ ಪದ್ಧತಿಗಳು ಮಾಡುವ ಕೆಲಸವಾದರೂ ಏನು? ದಿನ ಎಣಿಸುವುದು ಯಾಕೆ? ಬಿಳಿ ಬಟ್ಟೆ, ಕಪ್ಪು ಬಟ್ಟೆ ಯಾಕೆ?

ಒಂದು ವಿಷಯ ಮೊದಲೇ ಹೇಳಿಬಿಡಬಹುದು. ದುಃಖಕ್ಕೆ ಗಡುವು ಹಾಕುವುದು ಹೊಸದೇನಲ್ಲ. ಸಾವಿರಾರು ವರ್ಷಗಳಿಂದ ಹಾಕುತ್ತಲೇ ಬಂದಿದ್ದೇವೆ. ಹಾಕುವವರು ಮಾತ್ರ ಬದಲಾಗಿದ್ದಾರೆ. ಮೊದಲು ನೆಂಟರು ಮತ್ತು ಧರ್ಮ, ಆಮೇಲೆ ರಾಜ, ಆಮೇಲೆ ಬಟ್ಟೆ ಅಂಗಡಿ, ಆಮೇಲೆ ಸರ್ಕಾರ, ಈಗ ಡಾಕ್ಟರು ಮತ್ತು ಮೊಬೈಲ್ ಕಂಪನಿ.

ದುಃಖ ಬೇರೆ, ಶೋಕಾಚರಣೆ ಬೇರೆ

ದುಃಖ ಒಳಗೆ ಆಗುವಂಥದ್ದು. ಅದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಶೋಕಾಚರಣೆ ಹೊರಗೆ ಕಾಣುವಂಥದ್ದು. ಏನು ಉಡಬೇಕು, ಎಲ್ಲಿ ಕೂರಬೇಕು, ಯಾರು ಬರಬೇಕು, ಎಷ್ಟು ದಿನ ಅನ್ನುವ ಕಟ್ಟುಪಾಡು ಅದು. ಒಳಗೆ ದುಃಖವಿಲ್ಲದೆಯೂ ಶೋಕ ಆಚರಿಸಬಹುದು. ಆಚರಣೆಯೇ ಇಲ್ಲದೆಯೂ ದುಃಖಪಡಬಹುದು.

ಮುರಿದ ಮೂಳೆಗೆ ಹಾಕುವ ಪ್ಲಾಸ್ಟರ್ ನೆನಪಿಸಿಕೊಳ್ಳಿ. ಮೂಳೆ ಕೂಡುವುದು ತನ್ನಷ್ಟಕ್ಕೆ, ಪ್ಲಾಸ್ಟರ್ ಅದನ್ನು ಕೂಡಿಸುವುದಿಲ್ಲ. ಆದರೆ ಕೈಯನ್ನು ಅಲುಗಾಡದಂತೆ ಹಿಡಿಯುತ್ತದೆ. ಕೈಗೆ ಏಟಾಗಿದೆ, ಹುಷಾರು ಅಂತ ಎದುರಿಗಿರುವವರಿಗೆ ತಿಳಿಸುತ್ತದೆ. ಮತ್ತು ಅದನ್ನು ಬಿಚ್ಚುವ ದಿನ ಅಂತ ಒಂದಿರುತ್ತದೆ. ಶೋಕಾಚರಣೆಯ ಕೆಲಸವೂ ಹೆಚ್ಚುಕಡಿಮೆ ಈ ಮೂರೇ.

ಇದು ಬದುಕಿರುವವರ ಕಡೆಯ ಲೆಕ್ಕ. ಸತ್ತವರ ಕಡೆಯದು ಇನ್ನೊಂದಿದೆ. ನಿನ್ನೆಯವರೆಗೆ ಮನೆಯಲ್ಲಿ ಓಡಾಡಿಕೊಂಡಿದ್ದ ಮನುಷ್ಯ ಈಗ ಎಲ್ಲಿ? ಯಾವ ಸಮಾಜವೂ 'ಎಲ್ಲೂ ಇಲ್ಲ' ಅಂತ ಸುಮ್ನೆ ಕೈತೊಳೆದುಕೊಂಡಿಲ್ಲ. ಹಿರಿಯರ ಸಾಲಿನಲ್ಲೋ, ಸ್ವರ್ಗದಲ್ಲೋ, ಕಲ್ಲಿನ ಮೇಲಿನ ಹೆಸರಿನಲ್ಲೋ ಅವರಿಗೊಂದು ಜಾಗ ಮಾಡಿಕೊಟ್ಟಿದೆ.

ಮೊದಲು ಯಾರು ಹೂತರು?

ಬೇಕೆಂದೇ ಗುಂಡಿ ತೋಡಿ ಹೂತದ್ದಕ್ಕೆ ಸಿಕ್ಕಿರುವ ಹಳೆಯ ಗಟ್ಟಿ ಸಾಕ್ಷಿಗಳಲ್ಲಿ ಇಸ್ರೇಲಿನ ಕಾಫ್ಜೆ ಮತ್ತು ಸ್ಖುಲ್ ಗುಹೆಗಳದ್ದು ಮುಖ್ಯ. ಅವು 90 ಸಾವಿರ ವರ್ಷಕ್ಕೂ ಹಿಂದಿನವು. ಕೆನ್ಯಾದ ಪಾಂಗಾ ಯಾ ಸಾಯಿದಿ ಗುಹೆಯಲ್ಲಿ ಸುಮಾರು 78 ಸಾವಿರ ವರ್ಷ ಹಿಂದೆ ಹೂತ ಮಗುವೊಂದು ಸಿಕ್ಕಿದೆ. ಮೂರು ವರ್ಷದ ಆಸುಪಾಸಿನ ಕೂಸು. ಮಗ್ಗುಲಾಗಿ, ಮೊಣಕಾಲು ಎದೆಗೆ ಮಡಚಿ ಮಲಗಿಸಿದ್ದಾರೆ. ತಲೆಬುರುಡೆ ವಾಲಿರುವ ರೀತಿ ನೋಡಿದರೆ ಅದರ ಕೆಳಗೆ ಮೆತ್ತಗಿನದೇನನ್ನೋ ಇಟ್ಟಿದ್ದರು, ಅದು ಕೊಳೆತು ಹೋಗಿದೆ ಎನ್ನುತ್ತಾರೆ ಸಂಶೋಧಕರು.

ರಷ್ಯಾದ ಸುಂಗೀರ್‌ನಲ್ಲಿ ಸುಮಾರು 34 ಸಾವಿರ ವರ್ಷ ಹಿಂದಿನ ಒಂದು ಗುಂಡಿ ಇದೆ. ಇಬ್ಬರು ಮಕ್ಕಳು, ತಲೆಗೆ ತಲೆ ತಾಗುವಂತೆ ಮಲಗಿದ್ದಾರೆ. ಅವರ ಉಡುಪಿಗೆ ಹೊಲಿದಿದ್ದ ಮಣಿಗಳೇ ಸಾವಿರಗಟ್ಟಲೆ. ಎಲ್ಲವೂ ಮ್ಯಾಮತ್ ಆನೆಯ ದಂತದಿಂದ ಕೈಯಲ್ಲಿ ಕೆತ್ತಿ, ಒಂದೊಂದಕ್ಕೂ ತೂತು ಕೊರೆದವು. ಅಷ್ಟಕ್ಕೂ ಸಾವಿರಾರು ಗಂಟೆಗಳ ಕೆಲಸ ಬೇಕಾಗುತ್ತದೆ. ಬೇಟೆಯಾಡಿ ಹೊಟ್ಟೆ ಹೊರೆಯುತ್ತಿದ್ದ ಒಂದು ಸಣ್ಣ ಗುಂಪು ಅಷ್ಟೆಲ್ಲವನ್ನೂ ಮಣ್ಣಿಗಿಟ್ಟಿತು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಗುಂಡಿ ನೋಡಿದ ಕೂಡಲೇ ಕಥೆ ಕಟ್ಟುವ ಆಸೆ ಬರುತ್ತದೆ. ಇರಾಕಿನ ಶಾನಿದಾರ್ ಗುಹೆಯಲ್ಲಿ ನಿಯಾಂಡರ್ತಲ್ ಎಂಬ ಅಳಿದುಹೋದ ಮಾನವ ಜಾತಿಯವರೊಬ್ಬರ ಅಸ್ಥಿಪಂಜರದ ಸುತ್ತ ಹೂವಿನ ಪರಾಗ ಸಿಕ್ಕಾಗ 'ಹೂವಿನ ಮೇಲೆ ಮಲಗಿಸಿದ್ದರು' ಎಂಬ ಮಾತು ಲೋಕಪ್ರಸಿದ್ಧವಾಯಿತು. ಆಮೇಲೆ ಕೆಲವು ವಿಜ್ಞಾನಿಗಳು, ಅದನ್ನು ಬಿಲ ತೋಡುವ ಇಲಿಗಳೋ ಜೇನ್ನೊಣಗಳೋ ತಂದಿರಬಹುದು ಅಂದರು. ವಾದ ಇನ್ನೂ ಮುಗಿದಿಲ್ಲ.

ದಿನ ಎಣಿಸುವುದು ಯಾಕೆ?

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ರಾಬರ್ಟ್ ಹರ್ಟ್ಸ್ ಎಂಬ ಫ್ರೆಂಚ್ ವಿದ್ವಾಂಸ. 1907ರಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, ಬೋರ್ನಿಯೊ ದ್ವೀಪದ ದಯಾಕ್ ಜನರ ಬಗ್ಗೆ ಬಂದಿದ್ದ ವರದಿಗಳನ್ನೆಲ್ಲ ಓದಿ ಅವರು ಒಂದು ದೀರ್ಘ ಲೇಖನ ಬರೆದರು.

ದಯಾಕರಲ್ಲಿ ಸತ್ತವರಿಗೆ ಎರಡು ಸಲ ಅಂತ್ಯಕ್ರಿಯೆ. ಮೊದಲು ಶವವನ್ನು ತಾತ್ಕಾಲಿಕವಾಗಿ ಒಂದು ಕಡೆ ಇಡುತ್ತಾರೆ. ತಿಂಗಳುಗಳೋ ವರ್ಷಗಳೋ ಕಳೆದು, ಮೂಳೆ ಮಾತ್ರ ಉಳಿದ ಮೇಲೆ ದೊಡ್ಡ ಹಬ್ಬ ಮಾಡಿ ಅದನ್ನು ಶಾಶ್ವತ ಜಾಗಕ್ಕೆ ಸಾಗಿಸುತ್ತಾರೆ. ಈ ನಡುವಿನ ಅವಧಿಯಲ್ಲಿ ಮೂರು ಸಂಗತಿ ಒಟ್ಟಿಗೆ ನಡೆಯುತ್ತವೆ ಎಂದು ಹರ್ಟ್ಸ್ ಗುರುತಿಸಿದರು. ದೇಹ ಕರಗುತ್ತಿರುತ್ತದೆ. ಆತ್ಮ ಇಲ್ಲೂ ಇರದೆ ಅಲ್ಲೂ ಸೇರದೆ ಅಲೆಯುತ್ತಿರುತ್ತದೆ. ಮನೆಯವರೂ ಊರಿನ ಮಾಮೂಲಿ ಬದುಕಿನಿಂದ ಹೊರಗಿರುತ್ತಾರೆ. ಮೂಳೆ ಬಿಳಿಯಾದ ದಿನ ಆತ್ಮವೂ ಪಿತೃಲೋಕ ಸೇರಿತು, ಮನೆಯವರಿಗೂ ಬಿಡುಗಡೆ ಆಯಿತು. ಮೂರೂ ಒಂದೇ ದಿನ ಮುಗಿಯುತ್ತವೆ.

ಸಾವು ಅನ್ನುವುದು ವೈದ್ಯರಿಗೆ ಒಂದು ಗಳಿಗೆ, ಸಮಾಜಕ್ಕೆ ಒಂದು ಅವಧಿ. ಹರ್ಟ್ಸ್ ಮಾತಿನ ತಿರುಳು ಇದು. ಈ ಕಣ್ಣಿನಿಂದ ನೋಡಿದರೆ ಎಷ್ಟೋ ಪದ್ಧತಿಗಳು ಅರ್ಥವಾಗುತ್ತವೆ. ಇಂಡೊನೇಷ್ಯಾದ ಸುಲಾವೆಸಿಯ ತೊರಾಜಾ ಜನರಲ್ಲಿ, ದೊಡ್ಡ ಅಂತ್ಯಕ್ರಿಯೆಗೆ ಹಣ ಕೂಡುವ ತನಕ ಶವವನ್ನು ಕೆಡದಂತೆ ಮಾಡಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಲ್ಲಿಯವರೆಗೆ ಆ ವ್ಯಕ್ತಿ 'ಸತ್ತವರು' ಅಲ್ಲ, 'ಹುಷಾರಿಲ್ಲದವರು'. ಊಟ ತಂದಿಡುತ್ತಾರೆ, ಮಾತಾಡಿಸುತ್ತಾರೆ. ಹಿಂದೂ ಶಾಸ್ತ್ರಗಳಲ್ಲಿ ಸತ್ತವರು ಮೊದಲು ಪ್ರೇತ, ಸಪಿಂಡೀಕರಣ ಆದ ಮೇಲೆ ಪಿತೃ. ಒಂದು ವರ್ಷಕ್ಕೆ ಎಂದು ಹೇಳಿದ್ದ ಆ ಕ್ರಿಯೆಯನ್ನು ಈಗ ಸಾಮಾನ್ಯವಾಗಿ 12ನೇ ದಿನಕ್ಕೇ ಮುಗಿಸುತ್ತಾರೆ. ಮಡಗಾಸ್ಕರ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಹಿರಿಯರನ್ನು ಸಮಾಧಿಯಿಂದ ಹೊರತೆಗೆದು, ಹೊಸ ರೇಷ್ಮೆ ಬಟ್ಟೆ ಸುತ್ತಿ, ವಾದ್ಯ ಬಾರಿಸುತ್ತಾ ಕುಣಿದು ಮತ್ತೆ ಒಳಗಿಡುತ್ತಾರೆ.

ಇಳಿಯುತ್ತಾ ಹೋಗುವ ಮೆಟ್ಟಿಲು

ಯಹೂದಿಗಳ ಪದ್ಧತಿಯಲ್ಲಿ ಈ ಅವಧಿಯ ಲೆಕ್ಕ ಬಹಳ ಸ್ಪಷ್ಟ. ಶವಸಂಸ್ಕಾರ ಆಗುವವರೆಗೆ ಮನೆಯವರಿಗೆ ಪ್ರಾರ್ಥನೆಯ ಕಟ್ಟಳೆಯೂ ಇಲ್ಲ, ಅವರನ್ನು ಯಾರೂ ಸಮಾಧಾನ ಮಾಡಲೂಬಾರದು. ಆಮೇಲೆ 7 ದಿನ ಮನೆಯಲ್ಲೇ ತಗ್ಗು ಪೀಠದ ಮೇಲೆ ಕೂರಬೇಕು. ಎದೆಯ ಹತ್ತಿರ ಹರಿದ ಬಟ್ಟೆಯೇ ಮೈಮೇಲಿರುತ್ತದೆ. ಕನ್ನಡಿಗೆ ಮುಸುಕು ಹಾಕುವ ರೂಢಿಯೂ ಇದೆ. ಊರಿನವರೇ ಊಟ ತರುತ್ತಾರೆ. ಬಂದವರು ತಾವಾಗಿ ಮಾತು ಶುರು ಮಾಡುವಂತಿಲ್ಲ, ದುಃಖದಲ್ಲಿರುವವರು ಮಾತಾಡಿದರೆ ಮಾತ್ರ ಉತ್ತರ. (ಸಾವಿನ ಮನೆಗೆ ಹೋಗಿ ಏನು ಮಾತಾಡಲಿ ಅಂತ ಒದ್ದಾಡುವವರಿಗೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ.) 30 ದಿನದವರೆಗೆ ಇನ್ನೊಂದು ಹಂತ. ತಂದೆ ತಾಯಿಯಾದರೆ ಒಂದು ವರ್ಷದ ನಿಯಮ.

ಮಕ್ಕಳು ಹೇಳುವ ಕದ್ದಿಶ್ ಪ್ರಾರ್ಥನೆ ಮಾತ್ರ 11 ತಿಂಗಳಿಗೇ ನಿಲ್ಲುತ್ತದೆ. ಕಾರಣ ಕೇಳಿದರೆ ನಗು ಬರುತ್ತದೆ. ಕೆಟ್ಟವರ ಆತ್ಮಕ್ಕೆ 12 ತಿಂಗಳು ಶಿಕ್ಷೆ ಎಂಬ ನಂಬಿಕೆ ಇದೆ. ಪೂರ್ತಿ 12 ತಿಂಗಳು ಪ್ರಾರ್ಥಿಸಿದರೆ ನಮ್ಮಪ್ಪ ಕೆಟ್ಟವನು ಅಂತ ನಾವೇ ಒಪ್ಪಿಕೊಂಡ ಹಾಗಾಯಿತಲ್ಲ! ಅದಕ್ಕೇ ಒಂದು ತಿಂಗಳು ಕಡಿಮೆ.

ಇಸ್ಲಾಂನಲ್ಲಿ ಸಾಮಾನ್ಯ ಶೋಕ 3 ದಿನ. ಗಂಡ ತೀರಿಕೊಂಡ ಹೆಂಡತಿಗೆ ಕುರಾನ್ ಹೇಳುವುದು 4 ತಿಂಗಳು 10 ದಿನ. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರು 3, 9 ಮತ್ತು 40ನೇ ದಿನಗಳನ್ನು ಆಚರಿಸುತ್ತಾರೆ. ಅಂಕಿಗಳು ಬೇರೆಯಾದರೂ ಆಕಾರ ಒಂದೇ. ಮೊದಮೊದಲು ಕಟ್ಟುನಿಟ್ಟು, ಹೋಗ್ತಾ ಹೋಗ್ತಾ ಸಡಿಲ.

ಮಂತ್ರಿ ಮನೆಗೆ ಹೋಗಲಿಲ್ಲ

ಚೀನಾದಲ್ಲಿ ಈ ಗಡುವು ರಾಜ್ಯದ ಕಾನೂನೇ ಆಯಿತು. ತಂದೆ ತಾಯಿಗೆ ಮೂರು ವರ್ಷ ಶೋಕ ಅನ್ನುವುದು ಕನ್‌ಫ್ಯೂಷಿಯಸ್ ಪರಂಪರೆಯ ಮಾತು. ಶಿಷ್ಯನೊಬ್ಬ ಒಂದು ವರ್ಷ ಸಾಲದೇ ಅಂತ ಕೇಳಿದ. ಮಗು ಹುಟ್ಟಿ ಮೂರು ವರ್ಷದ ತನಕ ತಂದೆ ತಾಯಿಯ ತೋಳು ಬಿಟ್ಟು ಇಳಿಯುವುದಿಲ್ಲ, ಅದಕ್ಕೆ ಮೂರು ವರ್ಷ ಎಂದು ಗುರು ಉತ್ತರಿಸಿದ. ಆಚರಣೆಯಲ್ಲಿ ಮೂರು ವರ್ಷ ಅಂದರೆ ಮೂರನೆಯ ವರ್ಷಕ್ಕೆ ಕಾಲಿಡುವುದು, ಹೆಚ್ಚಾಗಿ 27 ತಿಂಗಳು.

ಬಟ್ಟೆಯಲ್ಲೂ ಐದು ದರ್ಜೆ. ಸತ್ತವರು ಎಷ್ಟು ಹತ್ತಿರದವರೋ ನಾರುಬಟ್ಟೆ ಅಷ್ಟು ಒರಟು. ತಂದೆಗಾಗಿ ಉಡುವ ಬಟ್ಟೆಯ ಅಂಚನ್ನು ಹೊಲಿಯುತ್ತಲೂ ಇರಲಿಲ್ಲ, ಕತ್ತರಿಸಿದ್ದು ಹಾಗೇ ಜೋಲಾಡಬೇಕು. ದೂರದ ನೆಂಟರಿಗಾದರೆ ನುಣುಪಾದ ಬಟ್ಟೆ, ಮೂರೇ ತಿಂಗಳು. ಯಾರು ಯಾರಿಗೆ ಎಷ್ಟು ಹತ್ತಿರ ಅನ್ನುವುದನ್ನು ಕೋರ್ಟಿನಲ್ಲೂ ಈ ಐದು ಬಟ್ಟೆಗಳ ಲೆಕ್ಕದಲ್ಲೇ ಅಳೆಯುತ್ತಿದ್ದರು.

ಸರ್ಕಾರಿ ಅಧಿಕಾರಿ ಆಗಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗಿ 27 ತಿಂಗಳು ಕಳೆಯಲೇಬೇಕು. 1577ರಲ್ಲಿ ಮಿಂಗ್ ಸಾಮ್ರಾಜ್ಯದ ಅತಿ ಪ್ರಬಲ ಮಂತ್ರಿ ಝಾಂಗ್ ಜುಝೆಂಗ್‌ನ ತಂದೆ ತೀರಿಕೊಂಡರು. ಆಗ ಚಕ್ರವರ್ತಿ ವಾನ್‌ಲಿ ಇನ್ನೂ ಹುಡುಗ, ರಾಜ್ಯ ನಡೆಯುತ್ತಿದ್ದದ್ದು ಈ ಮಂತ್ರಿಯಿಂದ. ಝಾಂಗ್ ಹೋದರೆ ಎರಡು ವರ್ಷಕ್ಕೂ ಮೇಲೆ ಆಡಳಿತ ಯಾರ ಕೈಗೆ? ನೀನು ಹೋಗಬೇಡ ಎಂದು ಚಕ್ರವರ್ತಿಯಿಂದ ಆಜ್ಞೆ ಬಂತು. ಆಸ್ಥಾನದಲ್ಲಿ ಗಲಾಟೆ ಎದ್ದಿತು. ಅಪ್ಪನಿಗೆ ಅಳದವನು ದೇಶಕ್ಕೆ ಏನು ನೀತಿ ಹೇಳುತ್ತಾನೆ ಎಂದು ಪತ್ರ ಬರೆದು ವಿರೋಧಿಸಿದ ಅಧಿಕಾರಿಗಳನ್ನು ಅರಮನೆಯ ಎದುರೇ ದೊಣ್ಣೆಯಿಂದ ಹೊಡೆಸಿದರು. ಶೋಕಾಚರಣೆ ಮನೆಯೊಳಗಿನ ವಿಷಯ ಆಗಿರಲೇ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ.

ಜಾಸ್ತಿ ಅಳಬೇಡಿ ಅಂತಲೂ ಕಾನೂನು

ಇನ್ನೊಂದು ಕಡೆ ಅಳು ಹೆಚ್ಚಾಯಿತು ಅನ್ನುವ ತಕರಾರು. ಅಥೆನ್ಸ್‌ನಲ್ಲಿ ಕ್ರಿ.ಪೂ. ಆರನೇ ಶತಮಾನದ ಆರಂಭದಲ್ಲಿ ಸೋಲನ್ ತಂದ ಕಾನೂನುಗಳಲ್ಲಿ ಇದೂ ಇತ್ತು. ಹೆಂಗಸರು ಮೈ ಪರಚಿಕೊಳ್ಳಬಾರದು. ಮೆರವಣಿಗೆ ಸೂರ್ಯ ಹುಟ್ಟುವ ಮೊದಲೇ ಹೊರಡಬೇಕು. ಗಂಡಸರು ಮುಂದೆ, ಹೆಂಗಸರು ಹಿಂದೆ. ಹತ್ತಿರದ ನೆಂಟರಲ್ಲದ ಹೆಂಗಸರು 60 ವರ್ಷ ದಾಟಿದ್ದರೆ ಮಾತ್ರ ಬರಬಹುದು.

ಅಳುವಿನ ಮೇಲೆ ರಾಜ್ಯಕ್ಕೆ ಯಾಕಿಷ್ಟು ಕೋಪ? ಎರಡು ಕಾರಣ ಹೇಳುತ್ತಾರೆ. ದೊಡ್ಡ ಮನೆತನಗಳಿಗೆ ಸಾವಿನ ಮೆರವಣಿಗೆ ತಮ್ಮ ಬಲ ತೋರಿಸುವ ಅವಕಾಶ ಆಗಿತ್ತು. ಜತೆಗೆ ಕೊಲೆಯಾದವನ ಹೆಣದ ಮುಂದೆ ಎದೆ ಬಡಿದುಕೊಂಡು ಹಾಡುವ ಹಾಡು ಸೇಡಿನ ಕಿಚ್ಚು ಹಚ್ಚಬಲ್ಲದು. ಹಾಡುವವರು ಹೆಂಗಸರು, ಕೇಳಿ ಕತ್ತಿ ಹಿಡಿಯುವವರು ಗಂಡಸರು.

ರೋಮಿನ ಹನ್ನೆರಡು ಫಲಕಗಳ ಕಾನೂನು ಸುಮಾರು ಕ್ರಿ.ಪೂ. 450ರದು. ಅಲ್ಲೂ ಕೆನ್ನೆ ಪರಚಿಕೊಳ್ಳುವುದಕ್ಕೆ ನಿಷೇಧ. ಹೆಣದ ಜತೆ ಚಿನ್ನ ಇಡುವಂತಿಲ್ಲ. ಆದರೆ ಸತ್ತವನ ಹಲ್ಲುಗಳನ್ನು ಚಿನ್ನದಿಂದ ಕಟ್ಟಿದ್ದರೆ ಅದನ್ನು ಕೀಳಬೇಕಿಲ್ಲ ಅಂತಲೂ ಅಲ್ಲಿ ಬರೆದಿದ್ದಾರೆ! ಕಾನೂನು ಎಷ್ಟು ಬಿಗಿ ಮಾಡಿದರೂ ರೋಮಿನ ಶ್ರೀಮಂತರು ದಾರಿ ಹುಡುಕಿಕೊಂಡರು. ಮನೆತನದ ಹಿರಿಯರ ಮೇಣದ ಮುಖವಾಡಗಳನ್ನು ಮನೆಯಲ್ಲಿ ಇಟ್ಟಿರುತ್ತಿದ್ದರು. ಯಾರಾದರೂ ದೊಡ್ಡವರು ಸತ್ತಾಗ ಆ ಮುಖವಾಡ ತೊಟ್ಟವರು, ಆಯಾ ಹಿರಿಯ ಹೊಂದಿದ್ದ ಪದವಿಯ ಉಡುಪಿನಲ್ಲಿ ಮೆರವಣಿಗೆ ಬಂದು, ಊರ ನಡುವೆ ದಂತದ ಕುರ್ಚಿಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಸತ್ತ ತಾತ ಮುತ್ತಾತಂದಿರೆಲ್ಲ ಹೊಸಬನನ್ನು ಕರೆದುಕೊಳ್ಳಲು ಬಂದ ಹಾಗೆ. ಇದನ್ನು ವಿವರವಾಗಿ ಬರೆದವನು ಪಾಲಿಬಿಯಸ್ ಎಂಬ ಗ್ರೀಕ್ ಚರಿತ್ರೆಕಾರ.

ಸತ್ತವರಿಗೆ ಸಹಾಯ ಮಾಡುವುದರಿಂದ ನೆನೆಯುವುದಕ್ಕೆ

ಮಧ್ಯಯುಗದ ಯುರೋಪಿನಲ್ಲಿ ಬದುಕಿರುವವರಿಗೆ ಸತ್ತವರ ವಿಷಯದಲ್ಲಿ ಒಂದು ಕೆಲಸವೇ ಇತ್ತು. ಸ್ವರ್ಗಕ್ಕೆ ಹೋಗುವ ಮೊದಲು ಆತ್ಮ ಶುದ್ಧಿಯಾಗುವ ಒಂದು ನಡುಲೋಕ ಇದೆ, ಇಲ್ಲಿಂದ ಪ್ರಾರ್ಥನೆ ಸಲ್ಲಿಸಿದರೆ ಅಲ್ಲಿಂದ ಬೇಗ ಬಿಡುಗಡೆ ಎಂದು ನಂಬಿದ್ದರು. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ ಸುಮಾರು ಕ್ರಿ.ಶ. 998ರಲ್ಲಿ ನವೆಂಬರ್ 2ನ್ನು ಸತ್ತವರೆಲ್ಲರ ದಿನವಾಗಿ ಗೊತ್ತುಮಾಡಿದ. ಹಣವಿದ್ದವರು ತಮ್ಮ ಹೆಸರಿನಲ್ಲಿ ಪೂಜೆ ಮಾಡಿಸಲು ಪಾದ್ರಿಗೆ ಆಸ್ತಿ ಬರೆದಿಡುತ್ತಿದ್ದರು. ಪ್ರಾಟೆಸ್ಟೆಂಟ್ ಸುಧಾರಕರು ಆ ನಡುಲೋಕವನ್ನೇ ತೆಗೆದುಹಾಕಿದರು. ಇಂಗ್ಲೆಂಡಿನಲ್ಲಿ 1547ರಲ್ಲಿ ಇಂಥ ಪೂಜೆಯ ದತ್ತಿಗಳೆಲ್ಲ ರಾಜನ ಖಜಾನೆಗೆ ಹೋದವು. ಅಲ್ಲಿಂದ ಮುಂದೆ ಅಲ್ಲಿನ ಜನಕ್ಕೆ ಸತ್ತವರಿಗಾಗಿ ಮಾಡಬಹುದಾದದ್ದು ಒಂದೇ ಉಳಿಯಿತು, ನೆನೆಯುವುದು.

ನೆನೆಯಲು ಜಾಗ ಬೇಕಲ್ಲ? ಸಾಮಾನ್ಯರಿಗೆ ಸ್ವಂತ ಸಮಾಧಿ ಅಂತ ಇರಲಿಲ್ಲ. ಪ್ಯಾರಿಸ್ಸಿನ ಇನೊಸೆಂಟ್ಸ್ ಸ್ಮಶಾನದಲ್ಲಿ ದೊಡ್ಡ ಗುಂಡಿಗಳಲ್ಲಿ ಒಬ್ಬರ ಮೇಲೊಬ್ಬರನ್ನು ಹೂತು, ಜಾಗ ಸಾಲದಾದಾಗ ಮೂಳೆ ಎತ್ತಿ ಪಕ್ಕದ ಅಟ್ಟಗಳಲ್ಲಿ ಪೇರಿಸುತ್ತಿದ್ದರು. 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಭಾರ ತಾಳದೆ ಕುಸಿದು ಹೆಣಗಳು ಒಳಗೆ ಬಿದ್ದವು. ಸ್ಮಶಾನ ಮುಚ್ಚಿತು, ಮೂಳೆಗಳು ಹಳೆಯ ಕಲ್ಲುಗಣಿಗಳಿಗೆ ಹೋದವು. 1804ರಲ್ಲಿ ಊರ ಹೊರಗೆ ಪೆರ್ ಲಶೇಸ್ ಸ್ಮಶಾನ ತೆರೆಯಿತು. ಮರ, ದಾರಿ, ಕೊಂಡುಕೊಳ್ಳಬಹುದಾದ ಸ್ವಂತ ಜಾಗ. ಮೊದಮೊದಲು ಗಿರಾಕಿಗಳೇ ಬರಲಿಲ್ಲ. ಆಡಳಿತದವರು 1817ರಲ್ಲಿ ನಾಟಕಕಾರ ಮೊಲಿಯೇರ್‌ನಂಥ ದೊಡ್ಡ ಹೆಸರಿನವರ ಅವಶೇಷಗಳನ್ನು ತಂದು ಅಲ್ಲಿ ಇಟ್ಟರು. ಅವರ ನೆರೆಯಲ್ಲಿ ಮಲಗಲು ಜನ ಮುಗಿಬಿದ್ದರು. ಭಾನುವಾರ ಹೂ ಹಿಡಿದು ಸಮಾಧಿಗೆ ಹೋಗುವ ಪದ್ಧತಿ ಅನಾದಿಯದು ಅಂತ ಕಾಣುತ್ತದೆ, ಅಲ್ವಾ? ಯುರೋಪಿನ ಸಾಮಾನ್ಯರ ಮಟ್ಟಿಗೆ ಅದಕ್ಕೆ ಹೆಚ್ಚುಕಡಿಮೆ ಇನ್ನೂರು ವರ್ಷ.

ಕಪ್ಪು ಬಟ್ಟೆಯ ಅಂಗಡಿ

ಶೋಕಕ್ಕೆ ಕಪ್ಪು ಅನ್ನುವುದೂ ಎಲ್ಲ ಕಡೆಯ ನಿಯಮವಲ್ಲ. ಚೀನಾ, ಕೊರಿಯಾದಲ್ಲಿ ಸಂಪ್ರದಾಯದ ಬಣ್ಣ ಬಿಳಿ. ಜಪಾನ್ ಕೂಡ ಪಶ್ಚಿಮವನ್ನು ನೋಡಿ ಕಪ್ಪಿಗೆ ಬದಲಾದದ್ದು ಮೇಜಿ ಚಕ್ರವರ್ತಿಯ ಕಾಲದಿಂದ (1868–1912) ಈಚೆಗೆ. ಘಾನಾದ ಅಕಾನ್ ಜನರು ಕೆಂಪು, ಕಪ್ಪು ಉಡುತ್ತಾರೆ. ಫ್ರಾನ್ಸಿನ ರಾಣಿಯರು ಬಿಳಿ ಉಡುತ್ತಿದ್ದರು.

ಕಪ್ಪು ಇಷ್ಟು ಗಟ್ಟಿಯಾಗಿ ತಲೆಯಲ್ಲಿ ಕೂರಲು 19ನೇ ಶತಮಾನದ ಇಂಗ್ಲೆಂಡ್ ಕಾರಣ. ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ 1861ರ ಡಿಸೆಂಬರ್ 14ರಂದು ತೀರಿಕೊಂಡ. ಆಕೆಗೆ 42. ಅಲ್ಲಿಂದ 1901ರಲ್ಲಿ ತಾನು ಸಾಯುವವರೆಗೂ ಕಪ್ಪನ್ನೇ ಉಟ್ಟಳು. ಗಂಡನ ಕೋಣೆಯನ್ನು ಹಾಗೇ ಇಡಿಸಿದಳು. ಸೇವಕರು ದಿನವೂ ಅಲ್ಲಿಗೆ ಬಿಸಿನೀರು ತಂದಿಡಬೇಕಿತ್ತು.

ರಾಣಿಯ ಮಾದರಿ ಊರಿನ ನಿಯಮವಾಯಿತು. ವಿಧವೆಗೆ ಮೊದಲ ವರ್ಷ ಮತ್ತು ಒಂದು ದಿನ ಪೂರ್ಣ ಶೋಕ. ಕ್ರೇಪ್ ಎಂಬ, ಒಂಚೂರೂ ಹೊಳಪಿಲ್ಲದ ಮುದುರು ರೇಷ್ಮೆಯನ್ನೇ ಉಡಬೇಕು. ಆ ಬಟ್ಟೆ ಮಳೆ ಹನಿ ಬಿದ್ದರೆ ಕಲೆ ಕಟ್ಟುತ್ತಿತ್ತು, ಬೆವರಿದರೆ ಬಣ್ಣ ಮೈಗೆ ಹತ್ತುತ್ತಿತ್ತು. ಆಮೇಲೆ ಕ್ರೇಪ್ ಕಡಿಮೆ, ಆಮೇಲೆ ಮಾಮೂಲಿ ಕಪ್ಪು, ಕೊನೆಗೆ ಬೂದು ಮತ್ತು ತಿಳಿನೇರಳೆ. ಒಟ್ಟು ಎರಡು ಎರಡೂವರೆ ವರ್ಷ. ಗಂಡಸಿಗೆ? ಟೊಪ್ಪಿಗೆಗೊಂದು ಕಪ್ಪು ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಹೋದರಾಯಿತು.

ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ 1841ರಲ್ಲೇ ಶೋಕದ ಬಟ್ಟೆಗೆಂದೇ ಒಂದು ದೊಡ್ಡ ಮಳಿಗೆ ತೆರೆದಿತ್ತು. ಕೋರ್ಟಾಲ್ಡ್ ಕಂಪನಿ ಕ್ರೇಪ್ ನೇಯ್ದೇ ಶ್ರೀಮಂತವಾಯಿತು. ವಿಟ್ಬಿ ಎಂಬ ಕಡಲೂರು ಜೆಟ್ ಎಂಬ ಕಪ್ಪು ಕಲ್ಲಿನ ಒಡವೆಗಳಿಂದ ಬದುಕಿತು. ಆ ಕಲ್ಲು ನಿಜವಾಗಿ ಕೋಟ್ಯಂತರ ವರ್ಷ ಹಳೆಯ ಮರ. ಶೋಕ ಮುಗಿದ ಮೇಲೆ ಕ್ರೇಪನ್ನು ಮನೆಯಲ್ಲಿ ಇಟ್ಟುಕೊಂಡರೆ ಅಪಶಕುನ ಅನ್ನುವ ನಂಬಿಕೆಯೂ ಹಬ್ಬಿತ್ತು. ಅಂದರೆ ಪ್ರತಿ ಸಾವಿಗೂ ಹೊಸ ಬಟ್ಟೆ. ಈ ನಂಬಿಕೆಯಿಂದ ಯಾರಿಗೆ ಲಾಭ ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಕಾಲದ ಬಗ್ಗೆ ಇಂಟರ್ನೆಟ್‌ನಲ್ಲಿ ಓಡಾಡುವ ಒಂದು ಸುಳ್ಳನ್ನೂ ಇಲ್ಲೇ ಹೇಳಬೇಕು. ಸತ್ತವರನ್ನು ಕಬ್ಬಿಣದ ಸ್ಟ್ಯಾಂಡಿಗೆ ಆನಿಸಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು ಅನ್ನುವುದು. ಸತ್ತವರ ಫೋಟೋ ತೆಗೆಸುತ್ತಿದ್ದದ್ದು ನಿಜ, ಎಷ್ಟೋ ಮಕ್ಕಳಿಗೆ ಅದೇ ಮೊದಲ ಮತ್ತು ಕೊನೆಯ ಚಿತ್ರ. ಆದರೆ ಅದರಲ್ಲಿ ಅವರು ಮಲಗಿರುತ್ತಾರೆ, ಇಲ್ಲವೇ ಒರಗಿರುತ್ತಾರೆ. ಆ ಸ್ಟ್ಯಾಂಡು ಬದುಕಿದ್ದವರಿಗೆ. ಆಗಿನ ಕ್ಯಾಮೆರಾಕ್ಕೆ ಬೆಳಕು ಜಾಸ್ತಿ ಹೊತ್ತು ಬೇಕಿತ್ತು, ಅಲ್ಲಿಯವರೆಗೆ ಅಲುಗಾಡಬಾರದಲ್ಲ.

ಹೆಣವಿಲ್ಲದ ಸಮಾಧಿ

ಈ ಇಡೀ ವ್ಯವಸ್ಥೆ 1914ರ ಮಹಾಯುದ್ಧದಲ್ಲಿ ಮುರಿದುಬಿತ್ತು. ಬ್ರಿಟನ್ ಒಂದೇ 7 ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಎಲ್ಲ ತಾಯಂದಿರೂ ಹೆಂಡತಿಯರೂ ಕಪ್ಪುಟ್ಟರೆ ಬೀದಿಗಳೇ ಕಪ್ಪಾಗುತ್ತಿದ್ದವು. ಹೆಂಗಸರು ಮದ್ದುಗುಂಡಿನ ಕಾರ್ಖಾನೆಗೆ ಕೆಲಸಕ್ಕೆ ಹೊರಟಿದ್ದರು, ಉದ್ದ ಮುಸುಕು ಹಾಕಿ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಮುಖ್ಯವಾಗಿ ಹೆಣಗಳೇ ಇರಲಿಲ್ಲ. ಸೈನಿಕರ ಶವಗಳನ್ನು ತಾಯ್ನಾಡಿಗೆ ತರುವುದನ್ನು 1915ರಲ್ಲೇ ನಿಷೇಧಿಸಿದ್ದರು. ಎಷ್ಟೋ ದೇಹಗಳು ಸಿಗಲೇ ಇಲ್ಲ. ಸಾವಿಗೆ ಅವಧಿ ಬೇಕು ಎಂದು ಬರೆದಿದ್ದ ರಾಬರ್ಟ್ ಹರ್ಟ್ಸ್ ಕೂಡ ಫ್ರೆಂಚ್ ಸೈನಿಕನಾಗಿ 1915ರ ಏಪ್ರಿಲ್‌ನಲ್ಲಿ ಸತ್ತರು. ಆಗ ಅವರಿಗೆ 33 ವರ್ಷ.

ದುಃಖವನ್ನು ಸರ್ಕಾರ ಕೈಗೆತ್ತಿಕೊಂಡದ್ದು ಹೀಗೆ. 1917ರಲ್ಲಿ ಸೈನಿಕರ ಸಮಾಧಿಗಳಿಗೆಂದೇ ಒಂದು ಆಯೋಗ ಹುಟ್ಟಿತು. ಜನರಲ್ ಇರಲಿ ಜವಾನ ಇರಲಿ, ಒಂದೇ ಅಳತೆಯ ಕಲ್ಲು ಎಂಬುದು ಅದರ ನಿಯಮ. 1919ರ ಜುಲೈನಲ್ಲಿ ವಿಜಯದ ಪೆರೇಡಿಗೆಂದು ಲಂಡನ್ನಿನಲ್ಲಿ ಮರ ಮತ್ತು ಗಾರೆಯ ಒಂದು ತಾತ್ಕಾಲಿಕ ಸ್ಮಾರಕ ನಿಲ್ಲಿಸಿದರು. ವಾಸ್ತುಶಿಲ್ಪಿ ಎಡ್ವಿನ್ ಲುಟಿಯೆನ್ಸ್. ಅದರೊಳಗೆ ಯಾರೂ ಇಲ್ಲ, ಖಾಲಿ ಸಮಾಧಿ. ಪೆರೇಡ್ ಮುಗಿದ ಮೇಲೆ ಕೆಡವಬೇಕಿತ್ತು. ಆದರೆ ಜನ ಬಂದು ಹೂ ಇಡುವುದು ನಿಲ್ಲಲೇ ಇಲ್ಲ. ಮಗನ ಹೆಣ ಎಲ್ಲಿದೆ ಅಂತ ಗೊತ್ತಿಲ್ಲದ ತಾಯಿಗೆ ಆ ಖಾಲಿ ಸಮಾಧಿ ಸಾಕಾಗಿತ್ತು. ಕೊನೆಗೆ ಅದನ್ನೇ ಕಲ್ಲಿನಲ್ಲಿ ಕಟ್ಟಿ 1920ರ ನವೆಂಬರ್ 11ರಂದು ತೆರೆದರು. ಅದೇ ದಿನ ಹೆಸರು ಗೊತ್ತಿಲ್ಲದ ಒಬ್ಬ ಸೈನಿಕನನ್ನು ಲಂಡನ್ನಿನಲ್ಲೂ, ಇನ್ನೊಬ್ಬನನ್ನು ಪ್ಯಾರಿಸ್ಸಿನಲ್ಲೂ ರಾಜಮರ್ಯಾದೆಯಿಂದ ಒಳಗಿಟ್ಟರು. ಯಾರೆಂದು ಗೊತ್ತಿಲ್ಲದ್ದರಿಂದಲೇ ಅವನು ಯಾರ ಮಗನಾದರೂ ಆಗಬಹುದಿತ್ತು.

ಈಗ ಎಲ್ಲ ಸಭೆಗಳಲ್ಲೂ ಮಾಡುವ ಮೌನಾಚರಣೆ ವ್ಯಾಪಕವಾದದ್ದೂ ಆಗಲೇ. 1918ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಧ್ಯಾಹ್ನದ ತೋಪು ಹಾರಿದ ಕೂಡಲೇ ಊರಿಗೆ ಊರೇ ನಿಂತು ಮೌನವಾಗುತ್ತಿತ್ತು. ಅದನ್ನು ಕಂಡಿದ್ದ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಎಂಬವರು ಲಂಡನ್ನಿಗೆ ಸಲಹೆ ಕಳಿಸಿದರು. 1919ರ ನವೆಂಬರ್ 11ರಂದು ಸಾಮ್ರಾಜ್ಯದ ಉದ್ದಕ್ಕೂ ಎರಡು ನಿಮಿಷದ ಮೌನ ಆಚರಿಸಿದರು. ಯಾವ ಧರ್ಮದವರೂ ಮಾಡಬಹುದು, ಮಂತ್ರ ಬೇಡ, ಪಾದ್ರಿ ಬೇಡ. ಬೇಗ ಹಬ್ಬಿದ್ದು ಅದಕ್ಕೇ.

ಆಮೇಲಿನ ಸ್ಮಾರಕಗಳಲ್ಲಿ ವೀರರ ಪ್ರತಿಮೆಗಿಂತ ಹೆಸರುಗಳೇ ಮುಖ್ಯವಾದವು. ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧ ಸ್ಮಾರಕದಲ್ಲಿ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅದಕ್ಕೆ ವಿನ್ಯಾಸ ಮಾಡಿದಾಗ ಮಾಯಾ ಲಿನ್ ಇನ್ನೂ 21ರ ವಿದ್ಯಾರ್ಥಿನಿ. ಹೆಸರುಗಳು ಅಕ್ಷರದ ಕ್ರಮದಲ್ಲಿಲ್ಲ, ಸತ್ತ ದಿನಾಂಕದ ಕ್ರಮದಲ್ಲಿವೆ. ಒಟ್ಟಿಗೆ ಸತ್ತ ಗೆಳೆಯರು ಕಲ್ಲಿನ ಮೇಲೂ ಅಕ್ಕಪಕ್ಕ ಇರುತ್ತಾರೆ. ಏಡ್ಸ್‌ನಿಂದ ಸತ್ತವರಿಗೆ 1987ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಮಾರಕ ಕೌದಿಯದು. ಒಬ್ಬೊಬ್ಬರ ಹೆಸರಿನಲ್ಲೂ ಮೂರು ಅಡಿ ಅಗಲ, ಆರು ಅಡಿ ಉದ್ದದ ತುಂಡು, ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು. ಬಹಿರಂಗವಾಗಿ ಅಳಲೂ ಹಿಂಜರಿಯುತ್ತಿದ್ದ ಕುಟುಂಬಗಳಿಗೆ ಅದೊಂದು ದಾರಿಯಾಯಿತು.

ಡಾಕ್ಟರ ಕೈಗೆ

20ನೇ ಶತಮಾನದಲ್ಲಿ ಸಾವು ಮನೆಯಿಂದ ಆಸ್ಪತ್ರೆಗೆ ಹೋಯಿತು. ದುಃಖವೂ ಹಿಂದೆಯೇ ಹೋಯಿತು. 1917ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಸತ್ತವರಿಗೆ ಅಂಟಿದ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಬರೆದರು. 1920ರಲ್ಲಿ ಅವರ ಸ್ವಂತ ಮಗಳು ಸೋಫಿ ತೀರಿಕೊಂಡಳು. ಒಂಬತ್ತು ವರ್ಷ ಕಳೆದು, ಮಗನನ್ನು ಕಳೆದುಕೊಂಡ ಗೆಳೆಯರೊಬ್ಬರಿಗೆ ಬರೆದ ಕಾಗದದಲ್ಲಿ ಅವರ ದನಿಯೇ ಬೇರೆ. ಆ ಜಾಗ ತುಂಬುವುದಿಲ್ಲ, ತುಂಬಿದರೂ ಅದು ಬೇರೆಯದೇ ಆಗಿರುತ್ತದೆ, ಹಾಗೆ ಇರುವುದೇ ಸರಿ ಎನ್ನುವ ಅರ್ಥದ ಮಾತು ಅದರಲ್ಲಿದೆ.

ಒಪ್ಪದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಎಂಬ 'ಐದು ಹಂತ'ಗಳ ಬಗ್ಗೆ ನೀವು ಕೇಳಿರಬಹುದು. ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಇದನ್ನು ಬರೆದದ್ದು ಸಾಯುತ್ತಿರುವ ರೋಗಿಗಳನ್ನು ಮಾತಾಡಿಸಿ. ಉಳಿದವರ ದುಃಖಕ್ಕೆ ಅದನ್ನು ಹೊಂದಿಸಿದ್ದು ಆಮೇಲೆ. ಎಲ್ಲರೂ ಇದೇ ಕ್ರಮದಲ್ಲಿ ಐದು ಮೆಟ್ಟಿಲು ಹತ್ತುತ್ತಾರೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. 1990ರ ದಶಕದಿಂದ ಈಚೆಗೆ ತಜ್ಞರ ಮಾತು ಇನ್ನೊಂದು ಕಡೆ ವಾಲಿದೆ. ಸತ್ತವರ ಜತೆಗಿನ ನಂಟನ್ನು ಕಡಿದುಕೊಳ್ಳಬೇಕಿಲ್ಲ, ಅದರ ರೂಪ ಬದಲಾದರೆ ಸಾಕು ಎನ್ನುತ್ತಾರೆ.

ಇದಕ್ಕೆ ಜಪಾನಿನ ಒಟ್ಸುಚಿ ಊರಿನ ಫೋನ್ ಬೂತ್ ಒಳ್ಳೆಯ ಉದಾಹರಣೆ. ಇತಾರು ಸಸಾಕಿ ಎಂಬವರು ತೀರಿಕೊಂಡ ಸೋದರಸಂಬಂಧಿಯ ಜತೆ ಮಾತಾಡಲೆಂದು ತಮ್ಮ ತೋಟದಲ್ಲಿ ಬೂತ್ ಇಟ್ಟು, ತಂತಿ ಇಲ್ಲದ ಹಳೆಯ ಫೋನೊಂದನ್ನು ಇಟ್ಟರು. 2011ರ ಮಾರ್ಚ್‌ನ ಸುನಾಮಿಯಲ್ಲಿ ಆ ಊರಿನ ಸಾವಿರಕ್ಕೂ ಹೆಚ್ಚು ಜನ ಹೋದರು. ಸಸಾಕಿ ಬೂತನ್ನು ಎಲ್ಲರಿಗೂ ತೆರೆದರು. ಜನ ದೂರದೂರದಿಂದ ಬಂದು, ಹಳೆಯ ನಂಬರ್ ತಿರುಗಿಸಿ, ಮಾತಾಡಿ ಹೋಗುತ್ತಾರೆ.

ಇನ್ನು 2022ರ ಆ ಕೈಪಿಡಿಯ ವಿಷಯ. ಅದರಲ್ಲಿ 12 ತಿಂಗಳು ಅನ್ನುವುದಷ್ಟೇ ಇಲ್ಲ. ಸತ್ತವರಿಗಾಗಿ ಹಂಬಲ ಅಥವಾ ಅವರದೇ ಯೋಚನೆ ಕಳೆದ ಒಂದು ತಿಂಗಳು ಹೆಚ್ಚುಕಡಿಮೆ ದಿನವೂ ಇರಬೇಕು, ಬದುಕು ನಿಜಕ್ಕೂ ಕುಂಟುತ್ತಿರಬೇಕು. ಜತೆಗೆ ಇನ್ನೊಂದು ಷರತ್ತು ಇದೆ. ಆ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮ ಸಹಜ ಅಂದುಕೊಳ್ಳುವುದಕ್ಕಿಂತ ದುಃಖ ಸ್ಪಷ್ಟವಾಗಿ ಹೆಚ್ಚಿರಬೇಕು. ಅಂದರೆ ವೈದ್ಯರೂ ಕೊನೆಗೆ, ನಿಮ್ಮಲ್ಲಿ ಎಷ್ಟು ದಿನದ ಪದ್ಧತಿ ಅಂತ ಕೇಳಲೇಬೇಕು. ವರ್ಷಾಬ್ದಿಯ ದಿನ ಕಣ್ಣೀರು ಬರುವುದು ಕಾಯಿಲೆ ಅಲ್ಲ.

ಮೊಬೈಲಿನೊಳಗೆ ಉಳಿದವರು

ಈಗಿನ ಹೊಸ ಗೊಂದಲ ಬೇರೆ. ಮನುಷ್ಯ ಹೋದರೂ ಅವನ ಖಾತೆಗಳು ಹೋಗುವುದಿಲ್ಲ. ಸತ್ತವರ ಮೆಸೇಜು, ಧ್ವನಿ ಎಲ್ಲ ತುಂಬಿಸಿ ಅವರಂತೆ ಮಾತಾಡುವ ಎಐ ಚಾಟ್‌ಬಾಟ್‌ಗಳನ್ನೂ ಕಂಪನಿಗಳು ಮಾರುತ್ತಿವೆ. ಒಟ್ಸುಚಿಯ ಫೋನು ತಿರುಗಿ ಮಾತಾಡುವುದಿಲ್ಲ, ಇದು ಮಾತಾಡುತ್ತದೆ. ತಜ್ಞರು ತಲೆಕೆಡಿಸಿಕೊಂಡಿರುವುದು ಈ ವ್ಯತ್ಯಾಸದ ಬಗ್ಗೆಯೇ. ಇದನ್ನು ನಿಲ್ಲಿಸುವ ದಿನ ಯಾವುದು, ನಿಲ್ಲಿಸುವವರು ಯಾರು ಅನ್ನುವುದಕ್ಕೆ ಇನ್ನೂ ರೂಢಿ ಹುಟ್ಟಿಲ್ಲ.

ಖಾತೆಗಳ ವಿಷಯದಲ್ಲಿ ಕೆಲವು ವ್ಯವಸ್ಥೆಗಳಿವೆ. ಫೇಸ್‌ಬುಕ್‌ನಲ್ಲಿ ಸಾವಿನ ದಾಖಲೆ ಕೊಟ್ಟರೆ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಾಯಿಸುತ್ತಾರೆ. ಆಮೇಲೆ ಹುಟ್ಟುಹಬ್ಬದ ಸೂಚನೆ ಗೆಳೆಯರಿಗೆ ಹೋಗುವುದಿಲ್ಲ. 2015ರಿಂದ ಬದುಕಿರುವಾಗಲೇ ಒಬ್ಬ ವಾರಸುದಾರರನ್ನು ಗುರುತಿಸಿಡಬಹುದು. ಅವರು ಪ್ರೊಫೈಲ್ ಫೋಟೋ ಬದಲಿಸಬಹುದು, ಖಾಸಗಿ ಮೆಸೇಜುಗಳನ್ನು ಮಾತ್ರ ಓದಲಾಗದು. ಆಪಲ್ ಕೂಡ 2021ರಲ್ಲಿ ಇಂಥ ಸೌಲಭ್ಯ ತಂದಿತು. ಗೂಗಲ್‌ನಲ್ಲಿ 2013ರಿಂದ ಇರುವ ವ್ಯವಸ್ಥೆಯಲ್ಲಿ 3, 6, 12 ಅಥವಾ 18 ತಿಂಗಳು ಅಂತ ನೀವೇ ಅವಧಿ ಆರಿಸಬೇಕು. ಅಷ್ಟು ಕಾಲ ಖಾತೆ ಅಲುಗಾಡದಿದ್ದರೆ ನೀವು ಹೆಸರಿಸಿದ 10 ಜನರವರೆಗೆ ಸುದ್ದಿ ಹೋಗುತ್ತದೆ, ನೀವು ಒಪ್ಪಿದ್ದರೆ ಫೋಟೋಗಳೂ ಸಿಗುತ್ತವೆ. ಏನೂ ಹೇಳದೆ ಹೋದರೆ, 2023ರ ನಿಯಮದ ಪ್ರಕಾರ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಕಂಪನಿ ಅಳಿಸಬಹುದು. ಅದರ ಜತೆ ಅಲ್ಲಿದ್ದ ಫೋಟೋಗಳೂ ಹೋಗುತ್ತವೆ.